ಬಾಡಿಗೆ ಇಳಿಸಿ ಎನ್ನಲು ಬೇಕಾಗುವ ಕಥೆ

ಹೈಸ್ಕೂಲಿನ ಕನ್ನಡ ಪರೀಕ್ಷೆಯಲ್ಲಿ ಪತ್ರಲೇಖನದ ಪ್ರಶ್ನೆ ಖಾಯಂ. ಎಡಕ್ಕೆ ‘ಇಂದ’, ಅದರ ಕೆಳಗೆ ‘ಗೆ’, ಆಮೇಲೆ ‘ಮಾನ್ಯರೇ’, ಅದಾದ ಮೇಲೆ ‘ವಿಷಯ’. ನಂತರ ಉಸಿರು ಬಿಗಿಹಿಡಿದು ಬರೆಯಬೇಕಾದ ಒಂದು ಉದ್ದನೆಯ ವಾಕ್ಯ: ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ. ನಮ್ಮ ಮೇಷ್ಟ್ರು ಈ ವಾಕ್ಯವನ್ನು ಬಾಯಿಪಾಠ ಮಾಡಿಸಿದ್ದರು. ಜ್ವರ ಬಂದಿದೆ, ಅಕ್ಕನ ಮದುವೆ ಇದೆ, ಅಜ್ಜಿ ತೀರಿಕೊಂಡಿದ್ದಾರೆ ಎಂದು ಮೊದಲು ಕಾರಣ ಹೇಳಬೇಕು. ರಜೆಯನ್ನು ಆಮೇಲೆ ಕೇಳಬೇಕು. ಕೊನೆಯಲ್ಲಿ ‘ತಮ್ಮ ವಿಧೇಯ ವಿದ್ಯಾರ್ಥಿನಿ’. ಪರೀಕ್ಷೆಗಾಗಿ ನನ್ನ ಅಜ್ಜಿಯನ್ನು ನಾನು ಎಷ್ಟು ಸಲ ಸಾಯಿಸಿದ್ದೇನೋ ಲೆಕ್ಕವಿಲ್ಲ. ಆಕೆ ಇನ್ನೂ ಗಟ್ಟಿಯಾಗಿದ್ದಾಳೆ.

ಮೂರು ವರ್ಷಗಳ ಹಿಂದೆ ಮೈಸೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್‌ಗೆ ಒಂದು ಮೆಸೇಜ್ ಬರೆಯಬೇಕಾಗಿ ಬಂತು. ಫೆಲೋಶಿಪ್ ಹಣ ಆರು ತಿಂಗಳಿಂದ ಬಂದಿರಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ಹೊಸ ವಿಷಯವಲ್ಲ, ಹಾಗಾಗಿ ಅದನ್ನು ಬೆಳೆಸುವುದಿಲ್ಲ. ಬಾಡಿಗೆ 8,500 ರೂಪಾಯಿ. ಮೊಬೈಲಿನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಮೊದಲ ಕರಡಿನಲ್ಲಿ ಅಮ್ಮನ ಮಂಡಿನೋವು ಬಂತು. ಎರಡನೆಯದರಲ್ಲಿ ತೋಟಕ್ಕೆ ಬಿದ್ದ ಕೊಳೆರೋಗ. ಮೂರನೆಯದರಲ್ಲಿ ನಾನು ಎರಡು ವರ್ಷ ಒಂದು ತಿಂಗಳೂ ತಪ್ಪಿಸದೆ ಐದನೇ ತಾರೀಖಿನೊಳಗೆ ಬಾಡಿಗೆ ಕೊಟ್ಟವಳೆಂಬ ಪ್ರಮಾಣಪತ್ರ. ಒಂದೂ ಸುಳ್ಳಲ್ಲ. ಆದರೂ ಓದಿದಾಗ ಮುಖ ಬಿಸಿಯಾಯಿತು. ಇಡೀ ದಿನ ಬೇರೆಯವರು ಬರೆದದ್ದನ್ನು ಓದಿ ಅದರ ಕಟ್ಟೋಣ ಬಿಡಿಸುವುದೇ ನನ್ನ ಕೆಲಸ. ನಾನು ಬರೆದದ್ದರ ಕಟ್ಟೋಣವೂ ಕಣ್ಣಿಗೆ ಕಾಣದೆ ಇರಲಿಲ್ಲ. ಅದು ಲೆಕ್ಕವಾಗಿರಲಿಲ್ಲ, ಕಥೆಯಾಗಿತ್ತು. ಕೇಳುವವರ ಮನಸ್ಸು ಕರಗಲೆಂದು ಘಟನೆಗಳನ್ನು ಆರಿಸಿ ಜೋಡಿಸಿದ ಕಥೆ.

ಬಾಡಿಗೆ ಕಡಿಮೆ ಮಾಡಿ ಎನ್ನುವವರು ತಮ್ಮ ಬದುಕನ್ನು ಬಿಚ್ಚಿ ಹೇಳಬೇಕು. ಕೇಳಿಸಿಕೊಳ್ಳುವವರಿಗೆ ಅಂಥ ಹೊಣೆಯಿಲ್ಲ. ಈ ಏರುಪೇರನ್ನು ಕನ್ನಡದ ಬರಹ ಎಲ್ಲೆಲ್ಲಿ ಹಿಡಿದಿದೆ, ಎಲ್ಲಿ ಕೈಬಿಟ್ಟಿದೆ ಎಂದು ಹುಡುಕತೊಡಗಿದ್ದು ಆ ಅಳಿಸಿದ ಮೆಸೇಜುಗಳ ದೆಸೆಯಿಂದ.

ಮೊದಲು ಎರಡು ಪದಗಳು. ಕಂದಾಯ ಮಾಫಿ, ಗೇಣಿ ಮಾಫಿ ಎನ್ನುತ್ತೇವಲ್ಲ, ಆ ಮಾಫಿಯ ಮೂಲಾರ್ಥ ಕ್ಷಮೆ. ಮಳೆ ಕೈಕೊಟ್ಟಿದ್ದಕ್ಕೆ ರೈತ ಮಾಡಿದ ತಪ್ಪೇನು ಎಂದು ಕೇಳುವ ಹಾಗಿಲ್ಲ. ಪದವೇ ತಪ್ಪನ್ನು ಅವನ ತಲೆಗೆ ಕಟ್ಟಿಬಿಟ್ಟಿದೆ. ಇನ್ನೊಂದು, ರಿಯಾಯಿತಿ. ಇದೂ ಅರಬ್ಬಿಯಿಂದ ಬಂದದ್ದು. ‘ರೈತ’ ಎಂಬ ಪದ ಹುಟ್ಟಿದ್ದೂ ಅದೇ ಧಾತುವಿನಿಂದ. ಮಂದೆ ಕಾಯುವುದು, ನೋಡಿಕೊಳ್ಳುವುದು ಎಂಬುದು ಆ ಧಾತುವಿನ ಅರ್ಥ. ರೈತ ಕಾಯಲ್ಪಡುವವನು, ರಿಯಾಯಿತಿ ಕಾಯುವವನು ತೋರುವ ದಯೆ. ಬಟ್ಟೆ ಅಂಗಡಿಯವರು ಆಷಾಢದಲ್ಲಿ ಬೋರ್ಡು ಹಾಕುವಾಗ ಇದನ್ನು ಯಾರೂ ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಆದರೆ ಬಾಡಿಗೆ ಇಳಿಸಿ ಎನ್ನಲು ಕನ್ನಡದಲ್ಲಿ ಪದ ಹುಡುಕಿದರೆ ಸಿಗುವುದು ಇವೇ. ಒಂದು ಕ್ಷಮೆ ಕೇಳಿಸುತ್ತದೆ, ಇನ್ನೊಂದು ದಯೆ ಬೇಡಿಸುತ್ತದೆ.

ಈಗ ಚೋಮನ ಹತ್ತಿರ ಬರುತ್ತೇನೆ. ಕಾರಂತರ ‘ಚೋಮನ ದುಡಿ’ (1933) ನಮ್ಮ ಪಠ್ಯಪಟ್ಟಿಗಳಲ್ಲಿ ಎಷ್ಟು ಸವೆದಿದೆಯೆಂದರೆ ಅದನ್ನು ಮತ್ತೆ ಎತ್ತಿಕೊಳ್ಳಲು ಸಂಕೋಚವಾಗುತ್ತದೆ. ಭೂಮಿಯ ಆಸೆ, ಜಾತಿಯ ಗೋಡೆ, ದುಡಿಯ ಸದ್ದು ಎಂದು ಮೂರು ಶೀರ್ಷಿಕೆ ಹಾಕಿ ನಾವೆಲ್ಲ ಉತ್ತರ ಬರೆದವರೇ. ನಾನು ಮರೆತಿದ್ದು ಒಂದು ಸರಳ ಸಂಗತಿ. ಚೋಮ ಗೇಣಿ ಕಡಿಮೆ ಮಾಡಿ ಎಂದು ಕೇಳುವುದಿಲ್ಲ, ಗೇಣಿ ಕೊಡುವ ಅವಕಾಶವನ್ನೇ ಕೇಳುತ್ತಾನೆ. ಅವನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಧಣಿ ಸಂಕಪ್ಪಯ್ಯನ ಮುಂದೆ ಅವನ ಬೇಡಿಕೆ ಒಕ್ಕಲಾಗುವುದು. ಗೇಣಿದಾರನ ಬವಣೆ ಅವನಿಗೆ ಕೈಗೆಟುಕದ ಒಂದು ಅಂತಸ್ತು.

ಸಂಕಪ್ಪಯ್ಯ ಕಲ್ಲುಮನಸ್ಸಿನವನೇನಲ್ಲ. ಅವನಲ್ಲಿ ಚೋಮನ ಬಗ್ಗೆ ಒಂದಿಷ್ಟು ಮೆದುಭಾವವಿದೆ. ಅಡ್ಡ ಬರುವುದು ಅವನ ತಾಯಿ, ತಾಯಿಯ ಹಿಂದಿರುವ ಊರ ಕಟ್ಟಳೆ. ಈ ದೃಶ್ಯವನ್ನು ಸಾಮಾನ್ಯವಾಗಿ ‘ಒಳ್ಳೆಯ ಧಣಿ, ಕೆಟ್ಟ ಸಂಪ್ರದಾಯ’ ಎಂದು ಓದಿ ಮುಗಿಸುತ್ತೇವೆ. ನನಗೆ ಆ ಓದು ಸಾಲದು. ಕೇಳುವವನ ಮುಂದೆ ನಿಂತವನು ಒಬ್ಬ, ಬೇಡ ಎನ್ನುವ ದನಿ ಒಳಗಿನಿಂದ ಬರುವುದು ಇನ್ನೊಬ್ಬರದು. ಚೋಮ ಎಷ್ಟೇ ಮನ ಮುಟ್ಟುವಂತೆ ಹೇಳಿದರೂ ಅವನ ಮಾತು ತಲುಪಬೇಕಾದ ಜಾಗ ಅಂಗಳದಲ್ಲಿಲ್ಲ. ಹಾಗಿರುವಾಗ ಸಂಕಪ್ಪಯ್ಯನ ಮೆದುಭಾವಕ್ಕೆ ಬೆಲೆಯೇನು? ಇಲ್ಲವೆನ್ನುವಾಗಲೂ ಅವನನ್ನು ಒಳ್ಳೆಯವನಾಗಿ ಉಳಿಸುವುದಷ್ಟೇ ಅದರ ಕೆಲಸ.

ಈ ಏರ್ಪಾಡು ಹಳೆಯ ದಕ್ಷಿಣ ಕನ್ನಡದ್ದು ಮಾತ್ರವಲ್ಲ. ಚಾರ್ಲ್ಸ್ ಡಿಕನ್ಸ್‌ನ ‘ಲಿಟಲ್ ಡಾರಿಟ್’ ಕಾದಂಬರಿಯಲ್ಲಿ (1855ರಿಂದ 57ರವರೆಗೆ ಕಂತುಗಳಲ್ಲಿ ಬಂದದ್ದು) ಲಂಡನ್ನಿನ ಒಂದು ಬಡವಠಾರವಿದೆ. ಅದರ ಒಡೆಯ ಕ್ಯಾಸ್ಬಿ ಉದ್ದ ಬಿಳಿಗೂದಲಿನ, ನೋಡಿದರೆ ಕೈಮುಗಿಯಬೇಕೆನಿಸುವ ಮುದುಕ. ಬಾಡಿಗೆ ಹಿಂಡುವವನು ಅವನ ಏಜೆಂಟ್ ಪ್ಯಾಂಕ್ಸ್. ವಠಾರದವರು ಪ್ಯಾಂಕ್ಸ್‌ನನ್ನು ಬೈದು, ಪಾಪ ದೊಡ್ಡವರಿಗೆ ಇದೆಲ್ಲ ಗೊತ್ತಿದ್ದರೆ ಹೀಗಾಗುತ್ತಿರಲಿಲ್ಲ ಎಂದುಕೊಳ್ಳುತ್ತಾರೆ. ಇನ್ನಷ್ಟು ಹಿಂಡು ಎಂದು ಪ್ಯಾಂಕ್ಸ್‌ಗೆ ಒತ್ತಾಯ ಮಾಡುವವನು ಆ ಮುದುಕನೇ. ಕೊನೆಗೆ ಪ್ಯಾಂಕ್ಸ್ ರೊಚ್ಚಿಗೆದ್ದು ವಠಾರದ ನಡುವೆ, ಎಲ್ಲರೆದುರು, ಆ ಬಿಳಿಗೂದಲನ್ನು ಕತ್ತರಿಸಿಹಾಕುತ್ತಾನೆ. ಡಿಕನ್ಸ್ ಕೊಂಚ ಅತಿ ಮಾಡುತ್ತಾನೆ, ಅದು ಅವನ ಸ್ವಭಾವ. ಆದರೆ ‘ನನಗೇನಿಲ್ಲ ಕಣಮ್ಮ, ನನ್ನ ಮಗ ಒಪ್ಪಲ್ಲ’ ಎಂಬ ಮಾತನ್ನು ಬೆಂಗಳೂರಿನ ಯಾವುದಾದರೂ ಬಡಾವಣೆಯ ಗೇಟಿನಲ್ಲಿ ನಿಂತು ಕೇಳಿದವರಿಗೆ ಕ್ಯಾಸ್ಬಿ ಅಪರಿಚಿತನೆನಿಸಲಾರ.

‘ಚೋಮನ ದುಡಿ’ಯಲ್ಲಿ ಒಂದು ಮಾಫಿ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಬಿ.ವಿ. ಕಾರಂತರ ಚಿತ್ರದಲ್ಲಿ (1975) ಅದು ಇನ್ನೂ ಬಿಚ್ಚಿ ಕಾಣುತ್ತದೆ. ಎಸ್ಟೇಟಿನ ಸಾಲ ತೀರಿಸಲು ಮಗಳು ಬೆಳ್ಳಿ ಘಟ್ಟ ಹತ್ತುತ್ತಾಳೆ, ಮೈಯನ್ನೇ ಒಪ್ಪಿಸಬೇಕಾಗುತ್ತದೆ, ಸಾಲ ಚುಕ್ತಾ ಆಯಿತೆಂಬ ಸುದ್ದಿಯೊಂದಿಗೆ ಮನೆಗೆ ಬರುತ್ತಾಳೆ. ಕನ್ನಡದ ಅತ್ಯಂತ ಪ್ರಸಿದ್ಧ ಬಡವನ ಋಣ ಹೀಗೆ ಹರಿಯುತ್ತದೆ. ಚೋಮನಿಗೆ ಆ ಲೆಕ್ಕ ತಡವಾಗಿ ಅರ್ಥವಾಗುತ್ತದೆ. ದಯೆಯ ಭಾಷೆಯಲ್ಲಿ ನಡೆಯುವ ವ್ಯವಹಾರಕ್ಕೆ ರಸೀದಿ ಇರುವುದಿಲ್ಲ, ಹಾಗಾಗಿ ಬೆಲೆ ಎಷ್ಟೆಂದು ಮೊದಲೇ ತಿಳಿಯುವುದೂ ಇಲ್ಲ.

ಇದಕ್ಕೆ ಎದುರಾಗಿ ನನ್ನ ಕಣ್ಣಮುಂದೆ ಬರುವುದು ಕಾದಂಬರಿಯಲ್ಲ, ಒಂದು ಸರ್ಕಾರಿ ಅರ್ಜಿ. ನಮ್ಮದು ಸಾಗರದ ಕಡೆಯ ಗೇಣಿದಾರರ ಮನೆ. ಕಾಗೋಡು ಸತ್ಯಾಗ್ರಹದ ಮಾತು ಕೇಳುತ್ತಲೇ ಬೆಳೆದವಳು ನಾನು. 1951ರ ಆ ಹೋರಾಟವನ್ನು ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ಮೂಲಕವೇ ನಾವು ನೆನೆಯುತ್ತೇವೆ. ಆದರೆ ಜಗಳದ ನಡುವೆ ಇದ್ದದ್ದು ಒಂದು ಪಾತ್ರೆ, ಗೇಣಿಯ ಭತ್ತ ಅಳೆಯುವ ಕೊಳಗ. ಒಡೆಯರ ಅಂಗಳದಲ್ಲಿ ಅಳೆಯುತ್ತಿದ್ದ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಎಚ್. ಗಣಪತಿಯಪ್ಪನವರ ಜೊತೆ ನಿಂತ ದೀವರ ಒಕ್ಕಲುಗಳು ಈ ಸಲ ಮಳೆ ಹೋಯಿತು, ಮನೆಯಲ್ಲಿ ಕಾಯಿಲೆ, ದಯವಿಟ್ಟು ಎಂದು ಶುರು ಮಾಡಲಿಲ್ಲ. ಅಳತೆ ಸರಿಯಿಲ್ಲ ಎಂದರು. ಅಳತೆ ಸರಿಯಿಲ್ಲ ಎನ್ನುವವನು ಕಥೆ ಹೇಳಬೇಕಾಗಿಲ್ಲ. ಕೊಳಗ ತಂದು ಇಟ್ಟರೆ ಸಾಕು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಗೋಪಾಲಗೌಡರು ಅದನ್ನು ರಾಜಕಾರಣಕ್ಕೆ ಒಯ್ದದ್ದು ಎಲ್ಲ ಸರಿ. ನನ್ನಂಥ ಸಾಹಿತ್ಯದ ವಿದ್ಯಾರ್ಥಿಗೆ ಕಾಗೋಡಿನ ಹೊಸತನ ಆ ವಾಕ್ಯರಚನೆಯಲ್ಲಿದೆ. ವಿನಂತಿ ಅಲ್ಲಿ ತಕರಾರಾಗಿ ಬದಲಾಯಿತು.

ದೇವರಾಜ ಅರಸು ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕಿತ್ತು. ಕೊನೆಯ ದಿನಾಂಕ ಮುಂದಕ್ಕೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಕರಾವಳಿಯಲ್ಲಿ ಇದನ್ನು ಡಿಕ್ಲರೇಶನ್ ಎಂದೇ ಕರೆದರು. ಡಿಕ್ಲರೇಶನ್, ಅಂದರೆ ಘೋಷಣೆ. ನಮ್ಮ ಅಜ್ಜ ಹಾಕಿದ ಅರ್ಜಿಯ ನಕಲು ಟ್ರಂಕಿನಲ್ಲಿದೆ. ಸರ್ವೆ ನಂಬರ್ ಎಷ್ಟು, ವಿಸ್ತೀರ್ಣ ಎಷ್ಟು, ಒಡೆಯರು ಯಾರು. ಮಕ್ಕಳೆಷ್ಟು, ಯಾರಿಗೆ ಕಾಯಿಲೆ, ಯಾವ ವರ್ಷ ಬೆಳೆ ಹೋಯಿತು, ನೀನು ಒಳ್ಳೆಯವನೇ ಎಂದು ಅದು ಕೇಳುವುದಿಲ್ಲ. ಆಡಳಿತದ ಕನ್ನಡವನ್ನು ನಾವು ಸಾಹಿತ್ಯದವರು ಒಣಗಿದ ಭಾಷೆ ಎಂದು ಗೇಲಿ ಮಾಡುತ್ತೇವೆ. ಆ ಒಣಗಿದ ಭಾಷೆಯಲ್ಲಿ ನಮ್ಮ ಅಜ್ಜ ಬದುಕಿನಲ್ಲಿ ಮೊದಲ ಸಲ ‘ದಯವಿಟ್ಟು’ ಇಲ್ಲದೆ ಒಡೆಯರ ಹೆಸರು ಬರೆಸಿದ.

ಇದನ್ನು ಗೆಲುವಿನ ಕಥೆಯಾಗಿ ಹೇಳಿ ಮುಗಿಸಲು ಬರುವುದಿಲ್ಲ. ಒಡೆಯರ ಮೇಲೆ ಅರ್ಜಿ ಹಾಕಲು ಹೆದರಿ ಸುಮ್ಮನಾದವರು ಬಹಳ. ಕಾಯ್ದೆಯ ಸುಳಿವು ಸಿಕ್ಕ ಕೂಡಲೇ ಒಕ್ಕಲೆಬ್ಬಿಸಿದವರೂ ಇದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಫಾರಂ 7 ಗೇಣಿದಾರನ ಅರ್ಜಿ. ಗೇಣಿಯೇ ಸಿಗದೆ ಕೂಲಿಯಾಗಿ, ಜೀತದಲ್ಲಿ ಉಳಿದವನಿಗೆ ಅದರಲ್ಲಿ ತುಂಬಲು ಏನೂ ಇರಲಿಲ್ಲ. ಚೋಮ ಇನ್ನೂ ನಲವತ್ತು ವರ್ಷ ಬದುಕಿದ್ದು ತಾಲ್ಲೂಕು ಕಚೇರಿಗೆ ಬಂದಿದ್ದರೆ ಅವನ ಅರ್ಜಿ ತಿರಸ್ಕೃತವಾಗುತ್ತಿತ್ತು, ಅದೂ ನ್ಯಾಯಬದ್ಧವಾಗಿ. ಒಕ್ಕಲಾಗಲು ಬಿಡದೆ ಇರುವುದು ಗೇಣಿ ಹಿಂಡುವುದಕ್ಕಿಂತ ಆಳವಾದ ಅನ್ಯಾಯ ಎಂಬುದು 1933ರ ಕಾದಂಬರಿಗೆ ಗೊತ್ತಿತ್ತು. ನಮ್ಮಂಥ ಹಿಂದುಳಿದ ಜಾತಿಗಳ ಗೇಣಿದಾರರ ಮನೆಯವರು ಕಾಗೋಡನ್ನು ನೆನೆಯುವಾಗ ಇದನ್ನು ನೆನೆಯುವುದು ಕಡಿಮೆ.

ಹಳ್ಳಿಯ ಒಡೆಯ–ಒಕ್ಕಲು ಸಂಬಂಧಕ್ಕೆ ಕನ್ನಡದಲ್ಲಿ ಇಷ್ಟು ಬರಹವಿದೆ. ನಗರದ ಬಾಡಿಗೆ ಮನೆಗೆ ಏನಿದೆ? ತತ್ವಪದಗಳಲ್ಲಿ ದೇಹವೇ ಬಾಡಿಗೆ ಮನೆ, ಖಾಲಿ ಮಾಡುವ ದಿನ ಬಂದೇ ಬರುತ್ತದೆ. ಆದರೆ ಆ ಒಡೆಯ ಅಡ್ವಾನ್ಸ್ ಕೇಳುವವನಲ್ಲ. ಉಳಿದಂತೆ ನನಗೆ ತಟ್ಟನೆ ನೆನಪಾಗುವುದು ನಗು. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990). ವಠಾರದ ಓನರ್ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು, ಬಾಡಿಗೆದಾರ ಗಣೇಶನಾಗಿ ಅನಂತ್ ನಾಗ್. ಈಗಲೂ ಟೀವಿಯಲ್ಲಿ ಬಂದರೆ ನಮ್ಮ ಮನೆಯಲ್ಲಿ ಯಾರೂ ಏಳುವುದಿಲ್ಲ. ಓನರ್ ಮತ್ತು ಬಾಡಿಗೆದಾರರ ಕಿತ್ತಾಟವೇ ಅಲ್ಲಿ ಹಾಸ್ಯದ ಉರುವಲು. ಅಲ್ಲಿ ಬಾಡಿಗೆದಾರರು ಓನರ್‌ಗೆ ಹೆದರುವುದಿಲ್ಲ, ಅವನ ಜೊತೆ ಸರಿಸಮವಾಗಿ ಜಗಳವಾಡುತ್ತಾರೆ. ಅದೊಂದು ಸಣ್ಣ ಸ್ವರ್ಗ. ಆದರೆ ಬಿಕ್ಕಟ್ಟು ಬಗೆಹರಿಯುವ ದಾರಿ ನೋಡಿ: ಬಾಡಿಗೆದಾರ ಓನರ್ ಮಗಳನ್ನು ಮದುವೆಯಾಗುತ್ತಾನೆ. ಅಳಿಯನಿಗೆ ಬಾಡಿಗೆ ಯಾರು ಕೇಳುತ್ತಾರೆ?

ಹೀಗೆನ್ನುವಾಗ ವಿಚಿತ್ರವಾಗಿ ಜೊತೆ ಸೇರುವವನು ದೊಸ್ತೊಯೆವ್‌ಸ್ಕಿಯ ರಾಸ್ಕೋಲ್ನಿಕೋವ್. ‘ಅಪರಾಧ ಮತ್ತು ಶಿಕ್ಷೆ’ (1866) ಎಂದರೆ ನಮಗೆ ಕೊಡಲಿ, ಮುದುಕಿ, ಪಾಪಪ್ರಜ್ಞೆ. ಕಾದಂಬರಿ ಶುರುವಾಗುವುದು ಮಾತ್ರ ಮೆಟ್ಟಿಲಿನಲ್ಲಿ. ಬಾಡಿಗೆ ಬಾಕಿ ಇರುವ ಒಬ್ಬ ಬಡ ಮಾಜಿ ವಿದ್ಯಾರ್ಥಿ ಮನೆಯೊಡತಿಯ ಕಣ್ಣಿಗೆ ಬೀಳದಂತೆ ಇಳಿದು ಹೋಗುತ್ತಿದ್ದಾನೆ. ಅವಳ ಅಡುಗೆಮನೆ ದಾಟದೆ ಬೀದಿಗೆ ದಾರಿಯಿಲ್ಲ. ಅವನಿಗೆ ಅವಳ ಭಯಕ್ಕಿಂತ, ನಿಂತು ನೆಪ ಹೇಳಬೇಕಲ್ಲ, ಕ್ಷಮೆ ಕೇಳಬೇಕಲ್ಲ ಎಂಬುದೇ ಹೆಚ್ಚಿನ ಹಿಂಸೆ. ಚಪ್ಪಲಿ ಕೈಯಲ್ಲಿ ಹಿಡಿದು ಮಹಡಿ ಇಳಿದ ತಿಂಗಳುಗಳು ನನಗೂ ಇವೆ. ಆ ಪುಟಗಳಿಗೆ ಟಿಪ್ಪಣಿ ಬೇಕಾಗಲಿಲ್ಲ.

ಕೊಲೆಯ ಮರುದಿನ ಅವನಿಗೆ ಪೊಲೀಸ್ ಠಾಣೆಯಿಂದ ಕರೆ ಬರುತ್ತದೆ. ನಡುಗುತ್ತಾ ಹೋದರೆ ವಿಷಯ ಕೊಲೆಯದ್ದಲ್ಲ. ಮನೆಯೊಡತಿಗೆ ಅವನು ಬರೆದುಕೊಟ್ಟಿದ್ದ 115 ರೂಬಲ್ ಸಾಲಪತ್ರ ಕೈದಾಟಿ ವಸೂಲಿಗೆ ಬಂದಿದೆ. ಅಲ್ಲಿ ಅವನು ತನ್ನ ಕಥೆ ಹೇಳತೊಡಗುತ್ತಾನೆ: ಮೂರು ವರ್ಷದಿಂದ ಆ ಮನೆಯಲ್ಲಿದ್ದೇನೆ, ಅವರ ಮಗಳನ್ನು ಮದುವೆಯಾಗುತ್ತೇನೆಂದು ಮಾತು ಕೊಟ್ಟಿದ್ದೆ, ಹುಡುಗಿ ಟೈಫಸ್ ಬಂದು ತೀರಿಕೊಂಡಳು, ಆಮೇಲೆ ಆಕೆ ಈ ಪತ್ರ ಬರೆಸಿಕೊಂಡರು. ಅಧಿಕಾರಿ ಮಧ್ಯದಲ್ಲೇ ಒರಟಾಗಿ ತಡೆಯುತ್ತಾನೆ. ಈ ಕರುಳು ಕರಗಿಸುವ ವಿವರಗಳು ಠಾಣೆಗೆ ಸಂಬಂಧಿಸಿದ್ದಲ್ಲ, ಸಹಿ ಹಾಕು. ಇಲ್ಲೂ ಬಾಡಿಗೆದಾರ ಮನೆಯಳಿಯನಾಗಬೇಕಿತ್ತು. ವಠಾರದ ಸಿನಿಮಾದಲ್ಲಿ ಆದದ್ದು ಇಲ್ಲಿ ಆಗಲಿಲ್ಲ, ಹುಡುಗಿ ಸತ್ತಳು, ಸಂಬಂಧ ಸಾಲಪತ್ರವಾಯಿತು. ಕಥೆ ಹೇಳಬೇಕೆಂಬ ಹಿಂಸೆಯಿಂದ ಮೆಟ್ಟಿಲಿನಲ್ಲಿ ತಪ್ಪಿಸಿಕೊಂಡವನು ಠಾಣೆಯಲ್ಲಿ ತಾನಾಗಿ ಹೇಳಹೊರಟಾಗ ಕೇಳುವವರಿಲ್ಲ. ಕಥೆ ಯಾವಾಗ ಬೇಕು, ಯಾವಾಗ ಬೇಡ ಎಂದು ತೀರ್ಮಾನಿಸುವ ಹಕ್ಕು ಯಾರದು ಎಂಬುದನ್ನು ಇಷ್ಟು ಸಣ್ಣ ಜಾಗದಲ್ಲಿ ಹಿಡಿದ ಬರಹವನ್ನು ನಾನು ಬೇರೆ ಕಂಡಿಲ್ಲ.

ನಗರದ ಬಾಡಿಗೆದಾರರಿಗೆ ಫಾರಂ 7 ಇಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ವಾಸದ ಮನೆಗೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ ದಾಟಿದರೆ ಅದು ಅನ್ವಯವಾಗದಂತೆ ಬರೆಯಲಾಯಿತು. ನನ್ನ 8,500ರ ಮನೆ ಅದರ ಹೊಸಿಲಿನ ಹೊರಗೆ. ಉಳಿಯುವುದು ಹನ್ನೊಂದು ತಿಂಗಳ ಕರಾರು. ವರ್ಷ ತುಂಬಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂದು ಹನ್ನೊಂದು. ಆ ಕರಾರಿನಲ್ಲಿ ಬಾಡಿಗೆ ಏರುವುದಕ್ಕೆ ಕಲಮು ಇರುತ್ತದೆ, ಇಳಿಯುವುದಕ್ಕೆ ಇರುವುದಿಲ್ಲ.

ಒಂದೇ ಒಂದು ಸಲ ಸರ್ಕಾರದ ವಾಕ್ಯ ಬೇರೆ ರೀತಿಯಲ್ಲಿತ್ತು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿತು. ಕಾರ್ಮಿಕರು, ವಲಸಿಗರು ಇರುವ ಮನೆಗಳಿಗೆ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಕೂಡದು. ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಮನೆ ಬಿಡಿಸಿದರೆ ಕ್ರಮ. ‘ಕೇಳಕೂಡದು’ ಎಂಬ ಕ್ರಿಯಾಪದ ಮಾಲೀಕರ ಕಡೆಗಿತ್ತು. ನೆಲದ ಮೇಲೆ ಅದು ಎಷ್ಟು ನಡೆಯಿತು ಎಂಬುದಕ್ಕೆ ಹೆದ್ದಾರಿಯಲ್ಲಿ ನಡೆದು ಹೋದವರೇ ಸಾಕ್ಷಿ. ಅದೇ ಮೇ ತಿಂಗಳಲ್ಲಿ ದೆಹಲಿಯ ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಬಾಡಿಗೆ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್, ಲಾಕ್‌ಡೌನ್ ಒಂದೇ ಕಾರಣಕ್ಕೆ ಬಾಡಿಗೆ ಕೊಡದಿರಲು ಬರುವುದಿಲ್ಲ ಎಂದು ಹೇಳಿ, ಕಟ್ಟಲು ಒಂದಿಷ್ಟು ಕಾಲಾವಕಾಶ ಕೊಟ್ಟಿತು. ಬಾಡಿಗೆ ಕೊಡದ ಹಕ್ಕು ಕರಾರಿನಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮತ್ತೆ ಬಂದು ನಿಂತದ್ದು ಅಂಗಳದಲ್ಲೇ.

ಬಾಡಿಗೆದಾರರು ಕೇಳಲು ಯಾಕೆ ಹೆದರುತ್ತಾರೆ ಎಂಬುದಕ್ಕೂ ಚೋಮನೇ ಉತ್ತರ ಹೇಳಬಲ್ಲ. ಇಳಿಸುವುದಿಲ್ಲ ಎಂದಾರು ಎಂಬ ಭಯವಲ್ಲ ಅದು. ಹಾಗಾದರೆ ಖಾಲಿ ಮಾಡಿ ಎಂದಾರು ಎಂಬ ಭಯ. ಖಾಲಿ ಮಾಡಿದರೆ ಮತ್ತೆ ಟು-ಲೆಟ್ ಬೋರ್ಡು ಹುಡುಕಬೇಕು, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಬೆಂಗಳೂರಾದರೆ ಹತ್ತು ತಿಂಗಳ ಅಡ್ವಾನ್ಸ್. ಅದಕ್ಕೂ ಮೊದಲು ಗೇಟಿನಲ್ಲಿ ‘ನೀವು ಯಾವ ಜನ?’ ಎಂಬ ಪ್ರಶ್ನೆ. ನನ್ನ ಜಾತಿ ಹೇಳಿದಾಗ ಕೆಲವರು ಒಂದು ಕ್ಷಣ ಯೋಚಿಸಿ, ಮೀನು ಮಾಡಬಾರದು ಎಂಬ ಷರತ್ತಿನ ಮೇಲೆ ಒಪ್ಪಿದ್ದಾರೆ. ನನ್ನ ವಿಭಾಗದ ದಲಿತ ಗೆಳತಿಗೆ ಅಷ್ಟು ಯೋಚನೆಯೂ ದಕ್ಕಲಿಲ್ಲ. ಬೋರ್ಡು ತೂಗುತ್ತಿದ್ದರೂ ‘ಮನೆ ಆಗಲೇ ಹೋಯ್ತಮ್ಮ’ ಎಂಬ ಉತ್ತರ. ಬಾಡಿಗೆ ಇಳಿಸಿ ಎಂದು ಕೇಳುವ ಕಷ್ಟ ಒಳಗೆ ಬಿಟ್ಟುಕೊಂಡವರ ಕಷ್ಟ.

ಇಂಥ ಓದಿನಿಂದ ನನಗೆ ಆದ ಪ್ರಯೋಜನ ಒಂದೇ, ಮೆಸೇಜ್ ಚಿಕ್ಕದಾಯಿತು. ಅಮ್ಮನ ಮಂಡಿ, ಕೊಳೆರೋಗ ಎರಡನ್ನೂ ತೆಗೆದೆ. ‘ಆಂಟಿ, ಫೆಲೋಶಿಪ್ ತಡವಾಗಿದೆ. ಮೂರು ತಿಂಗಳು 5,000 ಕೊಡಬಲ್ಲೆ. ಉಳಿದ 10,500 ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎಂದಷ್ಟೇ ಕಳಿಸಿದೆ. ಕಾಗೋಡಿನವಳೆಂಬ ಗರ್ವ ಒಳಗೊಳಗೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಉತ್ತರ ಬರಲಿಲ್ಲ. ಸಂಜೆ ಕೆಳಗಿನಿಂದ ಕೂಗಿದರು. ‘ಬಾಮ್ಮ, ಕೂತ್ಕೊ’ ಎಂದು ಕಾಫಿ ಕೊಟ್ಟರು. ಎಪ್ಪತ್ತು ದಾಟಿದವರು. ಅವರು ಶುರು ಮಾಡಿದ್ದು ನನ್ನ ಲೆಕ್ಕದಿಂದಲ್ಲ. ಯಜಮಾನರು ಖಾಸಗಿ ಫ್ಯಾಕ್ಟರಿಯಲ್ಲಿದ್ದವರು, ಪೆನ್ಷನ್ ಇಲ್ಲ. ಮೇಲಿನ ಎರಡು ಮನೆಯ ಬಾಡಿಗೆಯೇ ಸಂಸಾರ. ಬೋರ್‌ವೆಲ್ ಮೋಟರ್ ಸುಟ್ಟು ರಿಪೇರಿಗೆ ಕೊಟ್ಟದ್ದು, ಸಕ್ಕರೆ ಕಾಯಿಲೆಯ ಮಾತ್ರೆ, ಫೋನು ಮಾಡದ ಮಗ. ‘ಅಡ್ವಾನ್ಸ್ ಎಲ್ಲಿದೆ ಮಗೂ, ತಾರಸಿ ಸೋರ್ತಿತ್ತಲ್ಲ, ಅದಕ್ಕೇ ಹಾಕ್ಬಿಟ್ಟೆ’ ಎಂದರು. ನಾನು ಕಥೆ ಹೇಳಬಾರದೆಂದು ಹಟ ಹಿಡಿದಿದ್ದರೆ ಅವರೇ ಹೇಳುತ್ತಿದ್ದರು. ನಾನು ಕೂತು ಅವರ ಕಥೆಯನ್ನು ತೂಗುತ್ತಿದ್ದೆ. ಇದರಲ್ಲಿ ಎಷ್ಟು ನಿಜ, ಯಾವುದನ್ನು ಮನಸ್ಸು ಕರಗಲೆಂದು ಸೇರಿಸಿದ್ದಾರೆ, ಕೈಯಲ್ಲಿದ್ದ ಬಳೆ ಚಿನ್ನದ್ದೇ ಅಲ್ಲವೇ ಎಂದು. ಕೇಳಿಸಿಕೊಳ್ಳುವವರಿಗೆ ಹೊಣೆಯಿಲ್ಲ ಎಂದು ಮೇಲೆ ಬರೆದೆನಲ್ಲ, ಕೇಳಿಸಿಕೊಳ್ಳುವ ಜಾಗದಲ್ಲಿ ಕೂತರೆ ತಕ್ಕಡಿ ತಾನಾಗಿ ಕೈಗೆ ಬರುತ್ತದೆ ಎಂಬುದು ಅಂದು ಗೊತ್ತಾಯಿತು. ಈ ಓನರ್ ಸಂಕಪ್ಪಯ್ಯನೂ ಅಲ್ಲ, ಕ್ಯಾಸ್ಬಿಯೂ ಅಲ್ಲ, ರಮಣಮೂರ್ತಿಯಂತೂ ಅಲ್ಲವೇ ಅಲ್ಲ. ಬಾಡಿಗೆ ನಂಬಿ ಬದುಕುವ ಇಂಥ ಮುದುಕಿಯರನ್ನು ನಮ್ಮ ಕಥೆಗಾರರು ಬರೆಯುವುದು ಯಾವಾಗ?

ಕೊನೆಗೆ ‘ಅಡ್ವಾನ್ಸ್ ತಂಟೆ ಬೇಡ. ಮೂರು ತಿಂಗಳು ಆರೂವರೆ ಸಾವಿರ ಕೊಡು, ಮಿಕ್ಕಿದ್ದು ಬಿಟ್ಟೆ’ ಎಂದರು. ನಾನು ಕೇಳಿದ್ದು ಮುಂದೂಡುವುದನ್ನು, ಅವರು ಕೊಟ್ಟದ್ದು ನಿಜವಾದ ಇಳಿಕೆ. ಎದ್ದು ಹೊರಡುವಾಗ ದನಿ ತಗ್ಗಿಸಿ, ‘ಪಕ್ಕದ ಮನೆಯೋರಿಗೆ ಹೇಳ್ಬೇಡ ಕಣಮ್ಮ, ಆಮೇಲೆ ಅವ್ರೂ ಬರ್ತಾರೆ’ ಎಂದರು. ನಾನು ತಲೆಯಾಡಿಸಿದೆ.

ಆ ಒಂದು ತಲೆಯಾಟವೇ ಈ ಬರಹದುದ್ದಕ್ಕೂ ನನ್ನನ್ನು ಕಾಡುತ್ತಿರುವುದು. ಒಬ್ಬಳಿಗೆ ಕೊಟ್ಟರೆ ಅದು ದಯೆ, ಇಬ್ಬರಿಗೆ ಗೊತ್ತಾದರೆ ರೂಢಿ, ಬೀದಿಗೆಲ್ಲ ಗೊತ್ತಾದರೆ ಅಳತೆಯ ಪ್ರಶ್ನೆ. ಕಾಗೋಡಿನ ಒಕ್ಕಲುಗಳು ಕೊಳಗವನ್ನು ನಡುಬೀದಿಗೆ ತಂದಿಟ್ಟರು. ನನ್ನ ಕೊಳಗವನ್ನು ನಾನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ಆ ಅಜ್ಜಿ ಕೆಟ್ಟವರಲ್ಲ. ಎರಡು ಮನೆಯ ಬಾಡಿಗೆಯೂ ಇಳಿದರೆ ಅವರ ಮಾತ್ರೆಗೆ ಕಾಸಿಲ್ಲ. ಅದೂ ನಿಜವೇ.

ಪಕ್ಕದ ಮನೆಯಲ್ಲಿ ಗಂಡ ಆಟೋ ಓಡಿಸುತ್ತಿದ್ದ, ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಒಂದು ಮಗು. ಎರಡನೇ ತಿಂಗಳು ಅವಳಿಗೆ ಕೆಲಸ ಹೋಯಿತು. ಬಟ್ಟೆ ಒಣಹಾಕುವಾಗ ತಾರಸಿಯಲ್ಲಿ ನನ್ನನ್ನು ಕೇಳಿದಳು, ‘ಅಕ್ಕಾ, ಓನರಮ್ಮ ಬಾಡಿಗೇಲಿ ಸ್ವಲ್ಪ ಬಿಡ್ತಾರಾ, ಕೇಳಿದ್ರೆ ಬೇಜಾರು ಮಾಡ್ಕೋತಾರಾ?’ ಗೊತ್ತಿಲ್ಲ, ಕೇಳಿ ನೋಡಿ ಎಂದೆ. ಅವಳು ಕೇಳಲಿಲ್ಲ. ಮುಂದಿನ ತಿಂಗಳ ಕೊನೆಗೆ ಟೆಂಪೋ ಬಂತು. ಮಂಚ, ಗ್ಯಾಸ್ ಸಿಲಿಂಡರ್, ಪ್ಲಾಸ್ಟಿಕ್ ಡ್ರಮ್ಮು ಇಳಿಸಲು ನಾನೂ ಒಂದು ಕೈ ಹಿಡಿದೆ. ಗೇಟಿಗೆ ಬೋರ್ಡು ಬಿತ್ತು. ಹದಿನೈದು ದಿನದಲ್ಲಿ ಬೇರೆಯವರು ಬಂದರು, 9,500ಕ್ಕೆ.